ಮಾಲಿನ ಧಣಿ

ಸುರಪುರದ ಈಶಪ್ಪನ ಬಾಯಿ ಸುಮ್ಮನಿದ್ದರೂ ಬಲಗೈ ಸುಮ್ಮನಿರುತ್ತಿರಲಿಲ್ಲ. ಅವನು ದನದ ಸಂತೆಯ ದಲ್ಲಾಳಿ. ಹೆಗಲ ಮೇಲಿನ ವಲ್ಲಿ ವಸ್ತ್ರವನ್ನು ಮುಂಗೈ ಮೇಲೆ ಇಳಿಬಿಟ್ಟುಕೊಂಡು, ಅದರ ಮರೆಯಲ್ಲಿ ಮೊದಲು ಮಾರುವವನ ಕೈ ಹಿಡಿಯುತ್ತಿದ್ದ. ಎಷ್ಟಕ್ಕಿಂತ ಕೆಳಗೆ ಇಳಿಯಬಾರದು ಎಂಬುದನ್ನು ಆ ಮಾಲಿನ ಧಣಿ ಬೆರಳೊತ್ತಿ ತಿಳಿಸಿದ ಮೇಲೆಯೇ ಕೊಳ್ಳುವವನ ಕೈಗೆ ಹೋಗುತ್ತಿದ್ದ. ಸುತ್ತ ಊರೇ ನೆರೆದಿರಲಿ, ಬೆಲೆ ಮೂವರಿಗೆ ಬಿಟ್ಟು ನಾಲ್ಕನೆಯವನಿಗೆ ತಿಳಿಯಬಾರದು. ಇದು ಅವನ ಅಪ್ಪ ಹಾಕಿಕೊಟ್ಟ ದಾರಿ. ಮೂವತ್ತು ವರ್ಷ ಅದನ್ನು ಬಿಟ್ಟು ಒಂದು ಗೇಣು ಆಚೀಚೆ ಸರಿದವನಲ್ಲ.

ಆದರೆ ಕಾಲುವೆ ಬಂದ ಮೇಲೆ ಕಾಲವೂ ಹೊರಳಿತು. ನಾರಾಯಣಪುರದ ನೀರು ಹರಿದಲ್ಲೆಲ್ಲ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆ ಮಾಡಿದವರು ಕಾಸು ಕಂಡರು, ಕಾಸು ಕಂಡವರು ಟ್ರ್ಯಾಕ್ಟರು ತಂದರು, ಎತ್ತುಗಳು ಕೊಟ್ಟಿಗೆಯಿಂದ ಒಂದೊಂದಾಗಿ ಇಳಿದುಹೋದವು. ಈಶಪ್ಪನಿಗೆ ಅದರ ಸಂಕಟವೇನೂ ಅಷ್ಟಿರಲಿಲ್ಲ. ಕುಂಟುವ ಎತ್ತನ್ನು ಕುಣಿಯುವ ಎತ್ತೆಂದು ಹೊಗಳುವ ಈ ಬಾಳು ತನ್ನ ಕಾಲಕ್ಕೆ ಮುಗಿಯಲಿ ಎಂದೇ ಅವನು ಒಬ್ಬಳೇ ಮಗಳು ಶೇಖಮ್ಮನನ್ನು ಓದಿಸಿದ್ದ. ಅವಳು ಟೀಚರ್ ಆಗಬೇಕೆಂದು ಅವನ ಆಸೆ. ಅವಳು ಹೈದರಾಬಾದಿಗೆ ಹೋಗಿ ಕಾರು ಮಾರುವ ಕೆಲಸ ಹಿಡಿದಳು. ಅದೂ ಎಂಥ ಕಾರು! ಒಂದು ಗಾಲಿಯ ಬೆಲೆಗೆ ಒಳ್ಳೆಯ ಒಂದು ಜೋಡಿ ಎತ್ತು ಬರುವಂಥ ಪರದೇಶದ ಕಾರು.

ಅವತ್ತಿನಿಂದ ಈಶಪ್ಪ ಮಗಳ ಜೊತೆ ಫೋನಿನಲ್ಲಿ ಮಾತು ಬಿಟ್ಟಿದ್ದ. ಫೋನು ಬಂದರೆ ಹೆಂಡತಿ ಬಸ್ಸಮ್ಮನ ಕೈಗೆ ಕೊಟ್ಟು ಎಮ್ಮೆಗೆ ನೀರು ಕುಡಿಸಲು ಎದ್ದುಹೋಗುತ್ತಿದ್ದ. ಎಮ್ಮೆ ಆಗಲೇ ಕುಡಿದಿದ್ದರೂ ಸರಿಯೇ. ಊರವರು ಕೇಳಿದರೆ, "ಬ್ಯಾಂಕಿನಾಗ ಇದಾಳ" ಎನ್ನುತ್ತಿದ್ದ.

ಪುಷ್ಯ ಮಾಸದ ಒಂದು ಮಧ್ಯಾಹ್ನ ಅವನು ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದುವ ಹೊತ್ತಿಗೆ ಫೋನು ಬಂತು. ಬಸ್ಸಮ್ಮನ ಕೈಯೆಲ್ಲ ಹಿಟ್ಟಾಗಿದ್ದರಿಂದ ಫೋನನ್ನು ಒಲೆಯ ಪಕ್ಕದ ಡಬ್ಬಿಯ ಮೇಲಿಟ್ಟು ಜೋರಾಗಿ ಕೇಳುವಂತೆ ಮಾಡಿದಳು. ಎದ್ದುಹೋಗಲು ಈಶಪ್ಪನಿಗೆ ದಾರಿಯಿರಲಿಲ್ಲ, ಊಟ ನಡುವಿನಲ್ಲಿತ್ತು.

"ಯವ್ವಾ, ಮುಂದಿನ ತಿಂಗಳ ಶಹಾಪುರಕ್ಕ ಬರಾಕತ್ತೇನಿ. ಕಂಪನಿದು ಹೊಸಾ ಗಾಡಿ ತಗೊಂಡು."

"ಎಷ್ಟ ಗಾಡಿ?"

"ಈ ವರ್ಷ ನಾಕು ಹೊಸಾವು ಬಂದಾವ. ಎರಡು ಸ್ಪೋರ್ಟ್ಸ್ ಕಾರು, ಎರಡು ದೊಡ್ಡ ಎಸ್‌ಯುವಿ. ಅದರಾಗ ಮೂರು ಲಾರಿ ಮ್ಯಾಲ ಹಾಕ್ಕೊಂಡು ಬರ್ತೀವಿ."

ಬಾಗಿಲ ಬಳಿ ತೊಗರಿ ಹಸನು ಮಾಡುತ್ತಿದ್ದ ಈಶಪ್ಪನ ತಾಯಿ ಮೋನಮ್ಮ ಮೊರ ನಿಲ್ಲಿಸಿದಳು. "ಗಾಡಿ ಇದ್ದು ಲಾರಿ ಮ್ಯಾಲ ಯಾಕ ಬರ್ತಾವ? ಕಾಲು ನೋಯ್ತಾವೇನ ಅವಕ್ಕ?"

"ಧೂಳಾಗ್ತದ ಆಯಿ," ಎಂದು ನಕ್ಕ ಶೇಖಮ್ಮ ಆಮೇಲೆ ದನಿ ತಗ್ಗಿಸಿದಳು. "ಯವ್ವಾ, ಕಾಲುವಿ ಸೀಮ್ಯಾಗ ಈ ಗಾಡಿ ತಗೊಳ್ಳೋರು ಇದ್ದಾರಂತ ಕಂಪನ್ಯಾಗ ನಾನ ಹೇಳೀನಿ. ಅಲ್ಲಿ ಒಂದು ಗಾಡಿ ಹೋದ್ರ ಕಲಬುರಗಿಯ ಹೊಸಾ ಶೋರೂಮಿಗೆ ನನ್ನ ಹಾಕ್ತಾರ. ವಾರಕ್ಕೊಮ್ಮಿ ಮನೀಗ ಬರಬಹುದು. ಹೋಗಲಿಲ್ಲಂದ್ರ ವಿಶಾಖಪಟ್ಟಣ."

"ಅದೆಲ್ಲಿ ಅದ?"

"ಸಮುದ್ರದ ದಂಡೀಗ."

ಬಸ್ಸಮ್ಮನ ರೊಟ್ಟಿ ಬಡಿತ ನಿಂತುಹೋಯಿತು. ಸಮುದ್ರ ಅವಳು ಕಂಡದ್ದು ಕ್ಯಾಲೆಂಡರಿನಲ್ಲಿ. ಈಶಪ್ಪ ತಾಟಿನಿಂದ ಮುಖ ಎತ್ತಲಿಲ್ಲ, ಆದರೆ ಎರಡನೆಯ ರೊಟ್ಟಿ ಬೇಡವೆಂದ. ಅವನು ನಾಲ್ಕು ರೊಟ್ಟಿಯ ಆಸಾಮಿ.

ಮುಂದಿನ ವಾರ ಸಂತೆಯಲ್ಲಿ ಅವನ ಬ್ಯಾಂಕು ಮುಳುಗಿತು. ಜೊತೆಯ ದಲ್ಲಾಳಿ ಶರೀಫಸಾಬ ಚಹಾದಂಗಡಿಯಲ್ಲಿ ಮೊಬೈಲು ಹಿಡಿದು ನಾಲ್ಕು ಜನರಿಗೆ ತೋರಿಸುತ್ತಿದ್ದ. ಅದರಲ್ಲಿ ಶೇಖಮ್ಮ ಕರಿ ಕೋಟು ಹಾಕಿಕೊಂಡು, ಕೆಂಪು ಕಾರಿನ ಪಕ್ಕದಲ್ಲಿ ನಿಂತು, "ಶಹಾಪುರ, ಸುರಪುರ, ಯಾದಗಿರಿಯ ಎಲ್ಲಾ ಹಿರಿಯರೂ ಬರ್ರಿ, ಕುಂತು ನೋಡ್ರಿ" ಎಂದು ಕರೆಯುತ್ತಿದ್ದಳು.

"ಈಶಪ್ಪ, ನಿನ್ನ ಮಗಳ ಬ್ಯಾಂಕಿಗೆ ಗಾಲಿ ಅದಾವಲ್ಲೋ!" ಎಂದ ಒಬ್ಬ. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ಶರೀಫಸಾಬ ಮಾತ್ರ ನಗಲಿಲ್ಲ. "ಅರೆ, ಹುಡುಗಿ ಎಷ್ಟ ಚಂದ ಮಾತಾಡ್ತದ ನೋಡು. ಹೂಬಹೂ, ಥೇಟ್ ನೀನ," ಎಂದ. ಈಶಪ್ಪನಿಗೆ ನಕ್ಕವರಿಗಿಂತ ಆ ಮಾತೇ ಹೆಚ್ಚು ಚುಚ್ಚಿತು.

ಮನೆಗೆ ಬಂದವನು ಚಪ್ಪಲಿ ಬಿಡುತ್ತಲೇ ಶುರುಮಾಡಿದ. "ನನ್ನ ಇಜ್ಜತ್ ಸಂತ್ಯಾಗ ಹರಾಜು ಆತು."

"ಬ್ಯಾಂಕ್ ಅಂತ ಹೇಳ್ರಿ ಅಂದೋರು ಯಾರು?" ಬಸ್ಸಮ್ಮ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಮಗಳು ಬರುವುದರೊಳಗೆ ಮನೆ ಬೆಳ್ಳಗಾಗಬೇಕು. "ನೀವು ಕಟ್ಟಿದ ಬ್ಯಾಂಕು, ನೀವ ಬಾಗಿಲ ಹಾಕ್ರಿ."

"ಹೆಣ್ಣಮಗಳು ಬೀದ್ಯಾಗ ನಿಂತು ಮಾಲು ಮಾರೋದಂದ್ರ..."

"ನಾ ಮಜ್ಜಿಗಿ ಮಾರಿಲ್ಲೇನು?" ಮೋನಮ್ಮ ಹೊರಗಿನಿಂದಲೇ ಕೂಗಿದಳು. "ಆ ಮಜ್ಜಿಗಿ ರೊಕ್ಕದಾಗ ಬೆಳದು, ಈಗ ಮೂಗು ಮುರೀತಿಯೇನೋ ಈಶ್ಯಾ?"

ಈಶಪ್ಪ ಎಮ್ಮೆಗೆ ನೀರು ಕುಡಿಸಲು ಹೋದ.

ಶೇಖಮ್ಮ ಬಂದದ್ದು ಕಾರುಗಳ ಪ್ರದರ್ಶನಕ್ಕೆ ಎಂಟು ದಿನ ಮುಂಚೆ. ಯಾದಗಿರಿಯಲ್ಲಿ ರೈಲು ಇಳಿದು, ಬಸ್ಸು ಹಿಡಿದು, ಮನೆಗೆ ಬಂದು, ಕೋಟು ಗೂಟಕ್ಕೆ ಹಾಕಿ ಕಸಬರಿಗೆ ಹಿಡಿದಳು. ಬೆಳಿಗ್ಗೆ ಅಂಗಳ ಗುಡಿಸಿ, ಎಮ್ಮೆಯ ಸಗಣಿ ಬಳಿದು, ಸ್ನಾನ ಮಾಡಿ, ಅದೇ ಕೈಯಲ್ಲಿ ಕೋಟು ತೊಟ್ಟು ಶಹಾಪುರಕ್ಕೆ ಹೊರಡುವಳು. ಅಕ್ಕಿ ಗಿರಣಿಯವರು, ಗುತ್ತಿಗೆದಾರರು, ಗದ್ದೆಯ ಸಾವ್ಕಾರರು, ಒಬ್ಬೊಬ್ಬರ ಮನೆಗೂ ಹೋಗಿ ಕರೆದು ಬರುವಳು. ಸಂಜೆ ಬಂದು ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುವಳು. ಅಪ್ಪ, ಮಗಳು ಎರಡು ಮಾತು ಆಡಿದರೆ ಅದು "ಉಪ್ಪು" ಮತ್ತು "ನೀರು".

ಮೂರನೆಯ ಸಂಜೆಗೆ ಅವಳಿಗೆ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ಅಪ್ಪಾ, ನಾ ಕಳ್ಳತನ ಮಾಡಾಕತ್ತೇನೇನು?"

"ಕಳ್ಳತನ ಅಂತ ಯಾರಂದ್ರು?"

"ಮತ್ತ ಮುಖ ಯಾಕ ತಿರುವ್ತಿ? ನೀ ಮಾಡೋ ಕಸುಬ ನಾನೂ ಮಾಡಾಕತ್ತೇನಿ. ನೀ ಎತ್ತು, ನಾ ಕಾರು."

"ಅದಕ್ಕ ಬ್ಯಾಡ ಅಂದೆ!" ಈಶಪ್ಪನ ದನಿ ಏರಿತು. "ಈ ಕಸುಬಿನ ಹೊಲಸು ನನಗ ಗೊತ್ತದ. ಹಿಂದ ಏನಂತಾರ ಗೊತ್ತದೇನು? ದಲ್ಲಾಳಿ ಬಾಯಿ ಬೊಗಳಿ ಬಾಯಿ. ನಿನಗ ಟೀಚರವ್ವಾ ಅಂತ ಕೈ ಮುಗೀಲಿ ಅಂತ ಓದಿಸಿದ್ನಿ."

"ನಾ ಸುಳ್ಳು ಹೇಳಿ ಮಾರಂಗಿಲ್ಲ."

"ಮೊದಲ ವರ್ಷ ಎಲ್ಲಾರೂ ಹಂಗ ಅಂತಾರ."

ಶೇಖಮ್ಮ ತಾಟು ಬಿಟ್ಟು ಎದ್ದಳು. ಬಸ್ಸಮ್ಮ ಗಂಡನ ಕಡೆ ನೋಡಿದ ನೋಟಕ್ಕೆ ಹಾಲಿದ್ದರೆ ಒಡೆಯುತ್ತಿತ್ತು. ಮಗಳನ್ನು ಕಂಡರೆ ಪ್ರಾಣ ಬಿಡುವ ಈಶಪ್ಪ, ಅವಳು ಅರ್ಧ ಬಿಟ್ಟ ರೊಟ್ಟಿಯನ್ನು ನೋಡುತ್ತ ಕೂತ. ಎದ್ದು ಹೋಗಿ ಕರೆಯಬೇಕೆನಿಸಿತು, ಕರೆಯಲು ಬಾಯಿ ಬರಲಿಲ್ಲ.

ಪ್ರದರ್ಶನದ ದಿನ ಶಹಾಪುರದ ಕಲ್ಯಾಣ ಮಂಟಪದ ಮುಂದೆ ಶಾಮಿಯಾನ ಹಾಕಿದ್ದರು. ಮೂರು ಕಾರುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಒಂದು ಕೆಂಪು ಸ್ಪೋರ್ಟ್ಸ್ ಕಾರು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಇನ್ನೆರಡು ಎಸ್‌ಯುವಿ: ಒಂದು ಬಿಳಿ, ಆನೆಯಷ್ಟು ಎತ್ತರ; ಇನ್ನೊಂದು ದಟ್ಟ ಹಸಿರು, ಅದಕ್ಕಿಂತ ಮೆತ್ತಗಿನ ಮೈಕಟ್ಟಿನದು. ಬಸ್ಸಮ್ಮ, ಮೋನಮ್ಮ ಇಬ್ಬರೂ ಇಳಕಲ್ ಸೀರೆ ಉಟ್ಟು ಬಂದಿದ್ದರು. ತಾನು ಬರುವುದಿಲ್ಲ ಎಂದಿದ್ದ ಈಶಪ್ಪ ರಸ್ತೆಯಾಚೆಯ ಹೋಟೆಲಿನ ಬಾಕಿನ ಮೇಲೆ ಕೂತಿದ್ದ. ಸಂತೆಯ ಕೆಲಸಕ್ಕೆ ಬಂದೆ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಅಂದು ಸಂತೆಯಿರಲಿಲ್ಲ.

ಮೋನಮ್ಮ ಮೊದಲು ಕೆಂಪು ಕಾರಿಗೇ ಹೋದಳು. ಮೊಮ್ಮಗಳು ಬಾಗಿಲು ತೆಗೆದು ಕೂರಿಸಿದಳು. ಮುದುಕಿ ಕೂತಳೆನ್ನುವುದಕ್ಕಿಂತ ಒಳಗೆ ಇಳಿದುಹೋದಳು.

"ಇದರಾಗ ಕುಂದ್ರಬೇಕೋ, ಮಕ್ಕೋಬೇಕೋ?"

"ಜೋರು ಓಡೋ ಗಾಡಿ ಆಯಿ. ಗಾಳಿ ತಡೀಬಾರದಂತ ತಗ್ಗು ಮಾಡ್ಯಾರ."

"ಎಷ್ಟ ಮಂದಿ ಹಿಡೀತದ?"

"ಇಬ್ಬರು."

"ಇಷ್ಟ ರೊಕ್ಕ ಕೊಟ್ಟು ಇಬ್ಬರ? ಹಂಗಾದ್ರ ಗಂಡ ಹೆಂಡ್ತಿ ಜಗಳಾಡಿದ್ರ ಬಿಡಿಸೋರು ಎಲ್ಲಿ ಕುಂದ್ರಬೇಕು?"

ಶಾಮಿಯಾನವೆಲ್ಲ ನಕ್ಕಿತು. ಆಮೇಲೆ ಮುದುಕಿಯನ್ನು ಹೊರಗೆ ತೆಗೆಯಲು ಬಸ್ಸಮ್ಮ, ಶೇಖಮ್ಮ ಇಬ್ಬರೂ ಬೇಕಾದರು. ಕಂಪನಿಯ ಹುಡುಗರು ಒಂದು ಹುಲ್ಲುಕಡ್ಡಿಯೂ ಕಾರನ್ನು ಗೀಚಬಾರದೆಂದು ಸುತ್ತ ಕೈ ಚಾಚಿ ನಿಂತಿದ್ದರು.

ಹನ್ನೊಂದರ ಹೊತ್ತಿಗೆ ಪಂಪಣ್ಣ ಸಾವ್ಕಾರ ಬಂದ. ಅಕ್ಕಿ ಗಿರಣಿ, ಕಾಲುವೆಯ ದಂಡೆಗೆ ಗದ್ದೆ, ಎರಡೂ ಇದ್ದವನು. ಮೊದಲು ಎತ್ತು ಕಟ್ಟುತ್ತಿದ್ದ ಕಾಲದಲ್ಲಿ ಈಶಪ್ಪನ ಕೈ ಬಿಟ್ಟು ಬೇರೆಯವರ ಕೈ ಹಿಡಿದವನಲ್ಲ. ಜೊತೆಯಲ್ಲಿ ಇಬ್ಬರು ಗಂಡುಮಕ್ಕಳು, ಹೆಂಡತಿ ಸುಂದ್ರಮ್ಮ. ಮಕ್ಕಳು ಕೆಂಪು ಕಾರಿಗೆ ಜೋತುಬಿದ್ದರು. ಪಂಪಣ್ಣ ಬಿಳಿ ಆನೆಯ ಸುತ್ತ ಒಂದು ಸುತ್ತು ಹಾಕಿದ. ಸುಂದ್ರಮ್ಮನಿಗೆ ಮಂಡಿನೋವು. ಬಿಳಿಯದರ ಮೆಟ್ಟಿಲಿಗೆ ಕಾಲೆತ್ತಲಾರದೆ ಹಿಂದೆ ಸರಿದಳು.

"ಅಮ್ಮಾರ, ಅದು ನಿಮಗ ಬ್ಯಾಡ್ರಿ," ಶೇಖಮ್ಮ ಅವಳ ಕೈ ಹಿಡಿದಳು. "ಮ್ಯಾಲ ಹತ್ತೋದು, ಇಳಿಯೋದು ದಿನಾ ತ್ರಾಸಾಗ್ತದ. ಇಲ್ಲಿ ಬರ್ರಿ."

ಹಸಿರು ಕಾರಿನ ಬಳಿ ಹೋಗಿ ಒಂದು ಗುಂಡಿ ಒತ್ತಿದಳು. ಕಾರು ಮೆಲ್ಲಗೆ ಉಸಿರು ಬಿಟ್ಟು ನಾಲ್ಕೂ ಗಾಲಿಯ ಮೇಲೆ ತಗ್ಗಾಯಿತು. ಸುಂದ್ರಮ್ಮ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು.

"ಅಯ್ಯ, ಒಂಟೆ ಕುಂತಂಗ ಕುಂತಿತಲ್ಲವ್ವಾ!"

"ಬಿಳೀದಕ್ಕಿಂತ ಇದರ ರೇಟು ಕಡಿಮಿ ಅದ್ರಿ. ನನಗ ಬಿಳೀದು ಮಾರಿದ್ರ ಛಲೋ. ಖರೇ ಹೇಳ್ತೀನಿ, ನಿಮ್ಮ ಮಂಡಿಗೆ ಇದ ಸರಿ."

ರಸ್ತೆಯಾಚೆ ಈಶಪ್ಪನ ಚಹಾ ಬಸಿಯಲ್ಲೇ ಆರಿತು. ದನಿ ಕೇಳದಿದ್ದರೂ ಅವನಿಗೆ ಎಲ್ಲ ಕಂಡಿತ್ತು. ದುಬಾರಿ ಮಾಲನ್ನು ಬಿಟ್ಟು ಒಗ್ಗುವ ಮಾಲಿನ ಕಡೆ ಗಿರಾಕಿಯನ್ನು ಕರೆದೊಯ್ಯುವ ದಲ್ಲಾಳಿಯನ್ನು ಅವನು ತನ್ನ ಆಯುಷ್ಯದಲ್ಲಿ ಎಷ್ಟು ಜನರನ್ನು ಕಂಡಿದ್ದ? ಬೆರಳೆಣಿಕೆಗೂ ಸಿಗುವುದಿಲ್ಲ. ಎದೆ ಉಬ್ಬಿತು, ಉಬ್ಬಿದ್ದಕ್ಕೆ ನಾಚಿಕೆಯೂ ಆಯಿತು.

ಆದರೆ ವ್ಯವಹಾರ ಕುದುರಲಿಲ್ಲ. ಶಾಮಿಯಾನದ ತುಂಬ ಜನ. ಪಂಪಣ್ಣನ ದಾಯಾದಿಗಳು, ಬೇರೆ ಗಿರಣಿಯವರು, ಎಲ್ಲರ ಕಿವಿಯೂ ಅವನ ಕಡೆಗೆ. ಕಂಪನಿಯ ಹುಡುಗ ಮೈಕಿನಲ್ಲಿ ಬೆಲೆಯನ್ನು ಕೂಗಿ ಹೇಳಿದ್ದೇ ತಡ, ಪಂಪಣ್ಣನ ಮುಖ ಮುಚ್ಚಿದ ಬಾಗಿಲಾಯಿತು. ಎಲ್ಲರೆದುರು ಕಡಿಮೆ ಮಾಡಿ ಎಂದರೆ ಸಣ್ಣವನಾಗುತ್ತಾನೆ, ಹೇಳಿದಷ್ಟು ಕೊಟ್ಟರೆ ದಡ್ಡನಾಗುತ್ತಾನೆ. "ನೋಡೂಣು" ಎಂದು ಹೊರಟುಬಿಟ್ಟ. ಮರುದಿನವೂ ಜನ ಬಂದರು, ಕಾರಿನ ಜೊತೆ ಫೋಟೋ ತೆಗೆಸಿಕೊಂಡರು, ಶರಬತ್ತು ಕುಡಿದು ಹೋದರು. ಒಂದು ಕಾರೂ ಹೋಗಲಿಲ್ಲ. ಎರಡು ದಿನ ಬಿಟ್ಟು ಲಾರಿ ಹೈದರಾಬಾದಿಗೆ ತಿರುಗಬೇಕು.

ಅಂದು ಸಂಜೆ ಶೇಖಮ್ಮ ಮನೆಗೆ ಬಂದು ಅವ್ವನ ತೊಡೆಯ ಮೇಲೆ ತಲೆಯಿಟ್ಟು, "ಸಮುದ್ರನ ಗತಿ ಯವ್ವಾ" ಎಂದಳು. ಬಸ್ಸಮ್ಮ ಅವಳ ಕೂದಲಲ್ಲಿ ಬೆರಳಾಡಿಸಿದಳು. ಈಶಪ್ಪ ಬಾಗಿಲಲ್ಲಿ ನಿಂತು ಕೇಳಿದ.

ಅವನಿಗೆ ಒಂದು ವಿಷಯ ಗೊತ್ತಿತ್ತು. ಪಂಪಣ್ಣ ಹೊರಡುವ ಮೊದಲು ಹಸಿರು ಕಾರಿನ ಬೆನ್ನ ಮೇಲೆ ಕೈ ಇಟ್ಟು ಬೇರೆಲ್ಲೋ ನೋಡಿದ್ದ. ಎತ್ತು ಕೊಳ್ಳಲು ಮನಸ್ಸು ಮಾಡಿದಾಗಲೂ ಅವನು ಹಾಗೆಯೇ ನೋಡುತ್ತಿದ್ದುದು. ಅವನಿಗೆ ಬೇಕಾದದ್ದು ಒಂದು ಮರೆ ಮಾತ್ರ. ಮರುದಿನ ಯಾರಿಗೂ ಹೇಳದೆ ಈಶಪ್ಪ ವಲ್ಲಿ ಹೆಗಲಿಗೆ ಹಾಕಿಕೊಂಡು ಶಹಾಪುರದ ಬಸ್ಸು ಹತ್ತಿದ.

ಮಧ್ಯಾಹ್ನ ತಿರುಗಿ ಬಂದಾಗ ಅವನ ನಡಿಗೆಯೇ ಬೇರೆಯಾಗಿತ್ತು. ಕಿಸೆಯಲ್ಲಿ ಪಂಪಣ್ಣ ಮುಂಗಡವಾಗಿ ಕೊಟ್ಟ ಸಂಚಕಾರದ ನೂರಾಒಂದು ರೂಪಾಯಿ. ಒಳಗೆ ಬಂದವನೇ ಮಗಳ ಮುಂದೆ ಕೂತು, ವರ್ಷದ ಮೇಲೆ ಮೊದಲ ಸಲ ಅವಳ ಮುಖ ನೋಡಿ ನಕ್ಕ.

"ಹಸರು ಗಾಡಿ ಹೋತು. ಕೈ ತಾ."

ಶೇಖಮ್ಮನಿಗೆ ಬೆರಳ ಭಾಷೆ ಬರುತ್ತಿತ್ತು. ಸಣ್ಣವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಆಟದಂತೆ ಕಲಿತದ್ದು. ಅವಳು ನಂಬಲಾರದೆ ಕೈ ಕೊಟ್ಟಳು. ಅವನು ವಲ್ಲಿ ಹೊದಿಸಿ ಬೆರಳು ಒತ್ತಿದ. ಅವಳ ಮುಖದ ನಗೆ ಅರ್ಧಕ್ಕೇ ನಿಂತಿತು.

"ಇನ್ನೊಮ್ಮಿ ಒತ್ತು."

ಅವನು ಇನ್ನೊಮ್ಮೆ ಒತ್ತಿದ.

"ಅಪ್ಪಾ... ಇಷ್ಟು ಬಿಡಾಕ ನನಗ ಅಧಿಕಾರ ಇಲ್ಲ. ನನ್ನ ಮ್ಯಾಲಿನವಂಗೂ ಇಲ್ಲ. ಇದರ ಅರ್ಧನೂ ಬಿಡಾಕ ಬರಂಗಿಲ್ಲ."

"ಬರಂಗಿಲ್ಲಂದ್ರ? ಮೊದಲ ಹೇಳೋ ರೇಟಿನಾಗ ಜಾಗ ಇದ್ದ ಇರ್ತದಲ್ಲ!"

"ಎತ್ತಿನ ರೇಟಿನಾಗ ಇರ್ತದ."

"ನಾ ಜಬಾನ್ ಕೊಟ್ಟೀನಿ. ಸಂಚಕಾರ ಇಸಗೊಂಡೀನಿ."

"ಯಾರನ್ನ ಕೇಳಿ ಇಸಗೊಂಡಿ?"

"ಯಾರನ್ನ ಕೇಳಬೇಕಿತ್ತು?"

ಮೋನಮ್ಮ ಗೋಡೆ ಹಿಡಿದುಕೊಂಡು ಎದ್ದು ಬಂದು ಮಗನ ಮುಂದೆ ನಿಂತಳು.

"ಈಶ್ಯಾ, ಎತ್ತಿನ ಧಣಿ ಕೈ ಹಿಡೀದ ಎಂದಾದ್ರೂ ಎತ್ತು ಮಾರೀಯೇನೋ?"

ಈಶಪ್ಪನ ಕೈ ವಲ್ಲಿಯೊಳಗೇ ಸತ್ತಂತೆ ಬಿದ್ದಿತ್ತು. ಇಲ್ಲ, ಎಂದೂ ಇಲ್ಲ. ಕಳ್ಳಿಯ ಬೇಲಿ ಬಿಟ್ಟು ಬೇರೆ ಆಸ್ತಿಯಿಲ್ಲದವನು ಮುದಿ ಆಕಳು ತಂದರೂ ಅವನು ಮೊದಲು ಆ ಧಣಿಯ ಕೈ ಹಿಡಿದಿದ್ದ. ಕಂಡವರ ಆಕಳಿಗೆ ಕೊಟ್ಟ ಮರ್ಯಾದೆಯನ್ನು ಹೊಟ್ಟೆಯ ಮಗಳಿಗೆ ಕೊಟ್ಟಿರಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ. ಅವಳಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದ, ಅವಳದ್ದು ಒಂದು ಕಸುಬು ಎಂದುಕೊಂಡಿರಲಿಲ್ಲ. ಇದು ಅವನಿಗೆ ಅರ್ಥವಾದದ್ದು ಆಗ, ಮಗಳ ಒದ್ದೆ ಕಣ್ಣಿನ ಮುಂದೆ.

ಶೇಖಮ್ಮ ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಂಡಳು. "ಇರಲಿ ಬಿಡಪ್ಪಾ. ನಾಳೆ ನಾ ಹೋಗಿ ಹೇಳ್ತೀನಿ, ನಾನ ನಿನಗ ತಪ್ಪು ರೇಟು ಹೇಳಿದ್ದೆ ಅಂತ. ನಿನ್ನ ಜಬಾನ್ ಉಳೀತದ."

"ಏನಂದಿ? ಸುಳ್ಳು ಹೇಳಿ ಮಾರಂಗಿಲ್ಲ ಅಂದಾಕಿ ನನ್ನ ಸಲುವಾಗಿ ಸುಳ್ಳು ಹೇಳ್ತೀಯಾ?"

"ಸಂತ್ಯಾಗ ನಿನ್ನ ಮಾತು ಹೋದ್ರ ನಿನಗ ಏನು ಉಳೀತದ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸಂತೆಯ ಹುಡುಗರಿಗೆ ಬುದ್ಧಿ ಹೇಳುತ್ತಿದ್ದವನು ಅವನೇ. ಮಗಳು ತಪ್ಪು ಹೊತ್ತು ತನ್ನ ಮಾತು ಉಳಿದರೆ ಅವಳು ಸಮುದ್ರದ ದಂಡೆಗೆ, ತಾನೇ ಮಾತು ಮುರಿದರೆ ತಾನು ಬೀದಿಗೆ. ಅಂದು ಆ ಮನೆಯಲ್ಲಿ ಒಲೆ ಹೊತ್ತಿತು, ಅನ್ನವೂ ಆಯಿತು, ಉಂಡವರು ಕಡಿಮೆ.

ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲೇ ಸಿದ್ಧನಾಗಿದ್ದ. "ಕೋಟು ಹಾಕ್ಕೋ. ಹೋಗೂಣು," ಎಂದಷ್ಟೇ ಹೇಳಿದ.

ಪಂಪಣ್ಣನ ಗಿರಣಿಯ ಅಂಗಳದಲ್ಲಿ ಭತ್ತದ ಲಾರಿಗಳು ನಿಂತಿದ್ದವು. ಹಮಾಲರು, ಡ್ರೈವರುಗಳು, ಸಾವ್ಕಾರನ ಮಕ್ಕಳು, ಎಲ್ಲ ಅಲ್ಲೇ ಇದ್ದರು. ಪಂಪಣ್ಣ ಖುರ್ಚಿಯಲ್ಲಿ ಕೂತು ನಗುತ್ತ, "ಬಾ ಈಶಪ್ಪ, ಗಾಡಿ ಎಂದ ಬರ್ತದ?" ಎಂದ. ಒಳಗೆ ಹೋಗಿ ಮಾತಾಡೋಣ ಎನ್ನಬಹುದಿತ್ತು. ಈಶಪ್ಪ ಎನ್ನಲಿಲ್ಲ. ಕಿಸೆಯಿಂದ ನೂರಾಒಂದು ರೂಪಾಯಿ ತೆಗೆದು ಎಲ್ಲರೆದುರು ಸಾವ್ಕಾರನ ಪಕ್ಕದ ಮೇಜಿನ ಮೇಲಿಟ್ಟ.

"ಸಾವ್ಕಾರ್ರ, ನಿನ್ನಿ ಕೊಟ್ಟ ಜಬಾನ್ ವಾಪಸ್ ತಗೊಳ್ಳಾಕ ಬಂದೀನ್ರಿ."

ಹಮಾಲನೊಬ್ಬ ಚೀಲ ಹೊತ್ತವನು ಹಾಗೆಯೇ ನಿಂತ.

"ಈಶಪ್ಪ," ಪಂಪಣ್ಣನ ನಗೆ ಹೋಯಿತು. "ಮೂವತ್ತು ವರ್ಷದಾಗ ಇದ ಮೊದಲ."

"ಹೌದ್ರಿ. ಮಾಲಿನ ಧಣಿ ಕೈ ಹಿಡೀದ ನಿಮ್ಮ ಕೈ ಹಿಡದೆ, ಅದೂ ಮೊದಲ್ನೇ ಸಲಾನ. ತಪ್ಪು ನಂದು. ನಿಮಗ ಸಿಟ್ಟು ಬಂದ್ರ ನನಗ ಬೈರಿ, ಸಂತ್ಯಾಗ ಹೇಳ್ರಿ, ನಾ ತಲಿ ಬಗ್ಗಿಸಿ ಕೇಳ್ತೀನಿ." ಅವನು ಪಕ್ಕಕ್ಕೆ ಸರಿದು ಮಗಳನ್ನು ಮುಂದೆ ಬಿಟ್ಟ. "ಧಣಿ ಈಕಿ. ನನ್ನ ಮಗಳು ಶೇಖಮ್ಮ. ಬ್ಯಾಂಕಿನಾಗ ಇಲ್ರಿ. ಕಾರು ಮಾರ್ತಾಳ. ನನಗಿಂತ ಛಲೋ ಮಾರ್ತಾಳ."

ಶೇಖಮ್ಮ ಅಪ್ಪನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದಳು.

ಪಂಪಣ್ಣ ಬಹಳ ಹೊತ್ತು ಗಡ್ಡ ಕೆರೆದ. ಅವನೂ ಮಾತಿನ ಮನುಷ್ಯ, ಮಾತು ಮುರಿಯುವವನ ನೋವು ಅವನಿಗೂ ತಿಳಿಯುತ್ತದೆ. "ಆತು. ಹಂಗಾದ್ರ ಧಣಿ ಕೂಡನ ಮಾತಾಡೂಣು," ಎಂದು ಅಭ್ಯಾಸಬಲದಿಂದ ಕೈ ಮುಂದೆ ಚಾಚಿದವನು ಹಾವು ಕಂಡವನ ಹಾಗೆ ಹಿಂದೆ ಎಳೆದುಕೊಂಡ. ಪರರ ಹರೆಯದ ಹೆಣ್ಣುಮಗಳ ಕೈ! ಈಶಪ್ಪನೂ ಗೊಂದಲಕ್ಕೆ ಬಿದ್ದ. ಹಮಾಲರು ಮುಸಿಮುಸಿ ನಕ್ಕರು.

"ಸರೀರಿ ಎಲ್ಲಾರೂ," ಎಂದು ಅಂಗಳಕ್ಕೆ ಹೊಂದಿದ ಮನೆಯೊಳಗಿನಿಂದ ಸುಂದ್ರಮ್ಮ ಕುಂಟುತ್ತ ಬಂದಳು. "ಆ ಗಾಡ್ಯಾಗ ಕುಂದ್ರಾಕಿ ನಾನು. ಮಂಡಿ ನಂದು. ನಿನ್ನಿ ನನಗೊಂದು ಮಾತು ಕೇಳದ ಇಬ್ಬರು ಗಂಡಸರು ವಲ್ಲಿ ಹೊಚ್ಚಿಕೊಂಡು ಮುಗಿಸಿಬಿಟ್ರಿ. ಆಕಿ ಮಾಲು ಆಕೀನ್ನ ಕೇಳಲಿಲ್ಲ, ನನ್ನ ಗಾಡಿ ನನ್ನ ಕೇಳಲಿಲ್ಲ. ಈಶಪ್ಪ, ಆ ವಲ್ಲಿ ಕೊಡಿಲ್ಲಿ."

"ನಾ ನಡಕ ನಿಂದರ್ತೀನ್ರಿ ಅಮ್ಮಾರ..."

"ನೀ ಬ್ಯಾಡ. ವಲ್ಲಿ ಅಷ್ಟ ಕೊಡು."

ಈಶಪ್ಪ ಹೆಗಲಿನಿಂದ ವಲ್ಲಿ ತೆಗೆದು ಕೊಟ್ಟ. ಎಷ್ಟೋ ಎತ್ತಿನ ಜೋಡಿ ಕೊಂಡಾಗ ಗಂಡ ಒಳಗೆ ಬಂದು ಹೆಂಡತಿಗೆ ಬೆರಳಲ್ಲೇ ಬೆಲೆ ಹೇ‍ಳುತ್ತಿದ್ದ. ಹಾಗಾಗಿ ಸುಂದ್ರಮ್ಮನಿಗೆ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಇಬ್ಬರು ಹೆಂಗಸರ ಕೈಗಳು ವಲ್ಲಿಯ ಕೆಳಗೆ ಸೇರಿದವು.

ಸುಂದ್ರಮ್ಮನ ಹುಬ್ಬು ಗಂಟಿಕ್ಕಿತು. ಶೇಖಮ್ಮ ಮೆಲ್ಲಗೆ ತಲೆಯಾಡಿಸಿದಳು. ವಲ್ಲಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಒಮ್ಮೆ ಸುಂದ್ರಮ್ಮ ಕೈ ಕಿತ್ತುಕೊಂಡು ನನಗೆ ಬೇಡವೇ ಬೇಡ ಎನ್ನುವಂತೆ ಮನೆಯ ಕಡೆ ನಡೆದೇಬಿಟ್ಟಳು. ಹಿಂದೆ ಓಡಬೇಡ ತಾಯಿ, ಓಡಿದರೆ ಕೆಟ್ಟೆ, ಎಂದು ಈಶಪ್ಪನ ಒಳಗು ಕೂಗಿತು. ಶೇಖಮ್ಮ ಓಡಲಿಲ್ಲ. ಚಾಚಿದ ಕೈ ಚಾಚಿಕೊಂಡೇ, ಮುಖದ ಮೇಲೆ ಸಣ್ಣ ನಗೆ ಇಟ್ಟುಕೊಂಡು, ನಿಂತಲ್ಲೇ ನಿಂತಳು. ಸುಂದ್ರಮ್ಮ ತಿರುಗಿ ನೋಡಿದಳು. ಮಂಡಿ ತಿಕ್ಕಿಕೊಂಡಳು. ತಿರುಗಿ ಬಂದಳು. ಇನ್ನೊಂದು ಗಳಿಗೆ ಬೆರಳ ಮಾತು ನಡೆದು, ಆಮೇಲೆ ಎರಡು ಕೈಗಳೂ ಗಟ್ಟಿಯಾಗಿ ಹಿಡಿದುಕೊಂಡದ್ದು ವಲ್ಲಿಯ ಮೇಲೂ ಕಂಡಿತು.

"ಎಷ್ಟಕ್ಕಾತು?" ಪಂಪಣ್ಣನಿಗೆ ತಡೆಯಲಾಗಲಿಲ್ಲ.

"ಒಳಗ ಬರ್ರಿ, ಹೇಳ್ತೀನಿ. ಹೇಳೋ ಮನಸ್ಸಾದ್ರ," ಎಂದು ಸುಂದ್ರಮ್ಮ ಮೇಜಿನ ಮೇಲಿದ್ದ ನೂರಾಒಂದು ರೂಪಾಯಿ ಎತ್ತಿ ಶೇಖಮ್ಮನ ಕೈಗೆ ಕೊಟ್ಟಳು.

ಪಂಪಣ್ಣ ಈಶಪ್ಪನ ಕಡೆ ನೋಡಿದ. "ನನಗೂ ಗೊತ್ತಿಲ್ರಿ," ಎಂದ ಈಶಪ್ಪ. ತನ್ನದೇ ವಲ್ಲಿಯ ಕೆಳಗೆ ನಡೆದ ವ್ಯವಹಾರದ ಬೆಲೆ ಅವನಿಗೆ ಗೊತ್ತಿಲ್ಲದೆ ಹೋದದ್ದು ಇದೇ ಮೊದಲು. ಅಂಗಳವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ, ನಗುತ್ತ ನಗುತ್ತ ಕಣ್ಣೂ ಒರೆಸಿಕೊಂಡ.

ಬಸ್ಸು ಸುರಪುರದ ಗುಡ್ಡ ಹತ್ತುವ ಹೊತ್ತಿಗೆ ಹೈದರಾಬಾದಿನಿಂದ ಫೋನು ಬಂತು. ಶೇಖಮ್ಮ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಫೋನು ಇಟ್ಟಳು.

"ಏನಂದ್ರು?" ಈಶಪ್ಪ ಕಿಟಕಿಯ ಹೊರಗೆ ನೋಡುತ್ತ ಕೇಳಿದ.

"ಕಲಬುರಗಿ ಅಂದ್ರು."

ಅವನು ಹೂಂ ಎಂದ. ಬೆಲೆ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ಕೇಳಲಿಲ್ಲ. ಧಣಿ ತಾನಾಗಿ ಹೇಳದಿದ್ದರೆ ಕೇಳಬಾರದು.

ಮನೆಯಲ್ಲಿ ಸುದ್ದಿ ಕೇಳಿ ಬಸ್ಸಮ್ಮ ಅತ್ತಳು, ಮೋನಮ್ಮ ಬೈದಳು, ಎರಡಕ್ಕೂ ಕಾರಣ ಒಂದೇ. ಕಡಬು, ತುಪ್ಪ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಆಯಿತು. ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ಬಸ್ಸಮ್ಮ ಮದುವೆಯಾಗಿ ಬಂದ ದಿನದಿಂದ ಮಾಡುತ್ತಿದ್ದ ಹಾಗೆ ಮೊದಲ ಕಡಬನ್ನು ಗಂಡನ ತಾಟಿನ ಕಡೆ ಒಯ್ದಳು. ಈಶಪ್ಪ ತಾಟಿನ ಮೇಲೆ ಕೈ ಅಡ್ಡ ಹಿಡಿದ.

"ಮೊದಲ ಧಣಿಗೆ ನೀಡು," ಎಂದ.

ಬಸ್ಸಮ್ಮನ ಕೈ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಕಡಬು ಮಗಳ ತಾಟಿಗೆ ಬಿತ್ತು.